ಜೇಬಿಗೆ ಹಾರ್ಮೋನಿಯಂ ಬಂತು, ತಮಟೆ ಎಲ್ಲಿ ಸ್ವಾಮಿ?

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಈಗ ಹರಾಜು ನಡೆಯುವುದು ಮೊಬೈಲಿನಲ್ಲಿ. ರೀಲರು ಲಾಟು ನೋಡುತ್ತಾನೆ, ಬೆರಳಲ್ಲಿ ಒತ್ತಿ ಬೆಲೆ ಹಾಕುತ್ತಾನೆ. ಬೆಳಿಗ್ಗೆ ಗೂಡಿನ ಬೆಲೆ ಹೇಳಿದ ಅದೇ ಮೊಬೈಲು ಸಂಜೆಗೆ ಭಜನೆ ಮಂದಿರದಲ್ಲಿ ತಂಬೂರಿಯಾಗುತ್ತದೆ. ರಾತ್ರಿ ನಾಟಕದ ತಾಲೀಮಿನಲ್ಲಿ ಹಾರ್ಮೋನಿಯಂ ಆಗುತ್ತದೆ. ಕಾಲೇಜು ಹುಡುಗನ ಕೈಗೆ ಸಿಕ್ಕರಂತೂ ಇಡೀ ಆರ್ಕೆಸ್ಟ್ರಾನೇ ಆಗಿಬಿಡುತ್ತದೆ. ಖರ್ಚು ಎಷ್ಟು ಅಂತೀರಾ? ಬಹಳಷ್ಟಕ್ಕೆ ಬಿಡಿಗಾಸೂ ಬೇಡ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ನಾಲ್ಕು ಊರುಗಳ ಸುತ್ತಮುತ್ತ ಹಾಡದ ಹಳ್ಳಿ ಇಲ್ಲ. ಶ್ರಾವಣ ಬಂದರೆ ಭಜನೆ, ಸುಗ್ಗಿ ಮುಗಿದರೆ ಕುರುಕ್ಷೇತ್ರ ನಾಟಕ, ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ, ಜಾತ್ರೆಗೆ ತಮಟೆ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಗೆ ಹಗಲು ರಾತ್ರಿ ಎನ್ನದೆ ಮೂರು ದಿನ ಸಂಗೀತ ಹರಿಯುತ್ತದೆ. ತಾತಯ್ಯನವರ ಪದಗಳು ತೆಲುಗಿನಲ್ಲೂ ಉಂಟು, ಕನ್ನಡದಲ್ಲೂ ಉಂಟು. ನಮ್ಮ ಜನಕ್ಕೆ ಎರಡೂ ಬಾಯಿಗೆ ಬರುತ್ತೆ. ಇಂಥ ನೆಲದಲ್ಲಿ ಹಾಡು ಕಟ್ಟುವ ಆ್ಯಪ್‌ಗಳ ವಿಚಾರ ಊರ ವಿಚಾರವೇ ಹೊರತು ಪೇಟೆ ಹುಡುಗರ ಷೋಕಿ ಅಲ್ಲ. ಯಾವುದು ಕೆಲಸಕ್ಕೆ ಬರುತ್ತೆ, ಯಾವುದು ಬರೋಲ್ಲ, ಅದರೊಳಗೆ ನಮ್ಮದು ಅನ್ನುವಂಥದ್ದು ಏನಿದೆ, ಒಂದು ಸಲ ಲೆಕ್ಕ ಹಾಕೋಣ.

ಪೆಟ್ಟಿಗೆ ಹೊಸದೇನಲ್ಲ

"ಯಂತ್ರದಲ್ಲಿ ಸಂಗೀತವೇ? ಛೆ!" ಎಂದು ಮೂಗು ಮುರಿಯುವ ಹಿರಿಯರು ಇದ್ದಾರೆ. ಅವರ ಮುಂದಿರುವ ಹಾರ್ಮೋನಿಯಂ ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿ. ಅದು ಬಂದದ್ದು ಪ್ಯಾರಿಸ್ಸಿನಿಂದ. ಅಲೆಕ್ಸಾಂಡರ್ ಡೆಬೈನ್ ಎಂಬಾತ 1842ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಆಗ ಅದು ಕುರ್ಚಿಯಲ್ಲಿ ಕೂತು ಕಾಲಿನಿಂದ ತುಳಿಯುವ ವಾದ್ಯ. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತಿ ಇನ್ನೊಂದು ಕೈಯಲ್ಲಿ ನುಡಿಸುವ ಹಾಗೆ ಅದನ್ನು ಮಾಡಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್, 1875ರಲ್ಲಿ. ಈ ಪೆಟ್ಟಿಗೆಯಲ್ಲಿ ಗಮಕ ಬರೋಲ್ಲ, ಸ್ವರಗಳು ನಮ್ಮ ಶ್ರುತಿಗೆ ಸರಿ ಕೂರೋಲ್ಲ ಎಂದು ರೇಡಿಯೋದವರು 1940ರಲ್ಲಿ ಅದನ್ನು ಬಾಗಿಲಾಚೆ ಇಟ್ಟರು. ನಿಷೇಧ ಸಡಿಲವಾದದ್ದು 1971ರಲ್ಲಿ. ಅಷ್ಟರಲ್ಲಿ ಅದು ನಮ್ಮ ಎಲ್ಲ ಭಜನೆ ಮಂದಿರಗಳಲ್ಲಿ, ಎಲ್ಲ ನಾಟಕ ಕಂಪನಿಗಳಲ್ಲಿ ಮನೆ ಮಗನಾಗಿ ಕೂತಾಗಿತ್ತು.

ಮುಂದಿನ ಪೆಟ್ಟಿಗೆ ನಮ್ಮ ಪಕ್ಕದ ಬೆಂಗಳೂರಿನದೇ. ಜಿ. ರಾಜನಾರಾಯಣ್ ಎಂಬ ಇಂಜಿನಿಯರು, ಸ್ವತಃ ಕೊಳಲು ನುಡಿಸುವವರು, 1979ರಲ್ಲಿ ರಾಡೆಲ್ ಸಂಸ್ಥೆ ಕಟ್ಟಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಅಂಗಡಿಗೆ ತಂದರು. ಬುರುಡೆ ಒಡೆಯುತ್ತೆ, ತಂತಿ ಕಳಚುತ್ತೆ, ಬಸ್ಸಿನಲ್ಲಿ ಹತ್ತಿಸಿಕೊಳ್ಳೋಲ್ಲ ಎಂಬ ತಾಪತ್ರಯ ತಪ್ಪಿತು. ಆಗಲೂ ಗೊಣಗಿದವರಿದ್ದರು. ಇವತ್ತು ಕಚೇರಿಗಳಲ್ಲಿ ವಿದ್ವಾಂಸರ ಹಿಂದೆ ಮುಂದೆ ಅದೇ ಕೂತಿರುತ್ತದೆ. ಆ ಪೆಟ್ಟಿಗೆಯೇ ಇನ್ನಷ್ಟು ಸಣ್ಣದಾಗಿ ಈಗ ಮೊಬೈಲಿನ ಒಳಗೆ ಹೊಕ್ಕಿದೆ. ಆದ್ದರಿಂದ ಯಂತ್ರ ಬೇಕೋ ಬೇಡವೋ ಎಂಬ ಜಗಳ ನಮ್ಮ ಮುತ್ತಾತನ ಕಾಲಕ್ಕೇ ಇತ್ಯರ್ಥವಾಯಿತು ಅಂತ ತಿಳಿಯಿರಿ.

ಬಿಳಿ ನಾಲ್ಕು ಎಲ್ಲೈತೆ?

ನಮ್ಮ ಹಳ್ಳಿ ಕಡೆ ಭಜನೆ ಮಾಡುವವರು ಆ್ಯಪ್ ತೆರೆದ ಕೂಡಲೇ ಎಡವುವ ಮೊದಲ ಕಲ್ಲು ಇದು.

"ಮೇಷ್ಟ್ರೇ, ಇದ್ರಾಗೆ ಬಿಳಿ ನಾಲ್ಕು ಎಲ್ಲೈತೆ? ಬರೀ ಎ ಬಿ ಸಿ ಡಿ ಐತಲ್ಲ!"

ಗಾಬರಿ ಬೇಡ. ಹಾರ್ಮೋನಿಯಮ್ಮಿನ ಬಿಳಿ ಒಂದು ಎಂದರೆ ಆ್ಯಪ್‌ನಲ್ಲಿ ಸಿ. ಸಂಗೀತ ಮೇಷ್ಟ್ರು ಅದನ್ನೇ ಒಂದು ಮನೆ ಎನ್ನುತ್ತಾರೆ. ಬಿಳಿ ಎರಡು ಡಿ, ಬಿಳಿ ಮೂರು ಇ, ಬಿಳಿ ನಾಲ್ಕು ಎಫ್, ಬಿಳಿ ಐದು ಜಿ, ಬಿಳಿ ಆರು ಎ, ಬಿಳಿ ಏಳು ಬಿ. ಕರಿ ಮನೆಗಳಿಗೆ ಶಾರ್ಪ್ ಎಂಬ ಬಾಲ. ಕರಿ ಒಂದು ಎಂದರೆ ಸಿ ಶಾರ್ಪ್, ಅಂದರೆ ಒಂದೂವರೆ ಮನೆ. ಕರಿ ಎರಡು ಡಿ ಶಾರ್ಪ್, ಎರಡೂವರೆ ಮನೆ. ಕರಿ ಮೂರು ಎಫ್ ಶಾರ್ಪ್, ನಾಲ್ಕೂವರೆ. ಕರಿ ನಾಲ್ಕು ಜಿ ಶಾರ್ಪ್, ಐದೂವರೆ. ಕರಿ ಐದು ಎ ಶಾರ್ಪ್, ಆರೂವರೆ. ಈ ಸಾಲನ್ನು ಕತ್ತರಿಸಿ ಭಜನೆ ಮಂದಿರದ ಗೋಡೆಗೆ ಅಂಟಿಸಿದರೂ ನಮ್ಮ ಅಭ್ಯಂತರ ಇಲ್ಲ.

ಇನ್ನೊಂದು ಕಿರಿಕಿರಿ ಉಂಟು. ಹಳೆಯ ಹಾರ್ಮೋನಿಯಂ ಬಿಳಿ ನಾಲ್ಕೂ ಮೊಬೈಲಿನ ಎಫ್ಫೂ ಎಷ್ಟೋ ಸಲ ಒಂದಕ್ಕೊಂದು ಕೂರುವುದಿಲ್ಲ. ಆ್ಯಪ್ ಎಂಬುದು ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ ಎಂಬ ಜಗತ್ತಿನ ಲೆಕ್ಕಕ್ಕೆ ಕಟ್ಟಿದ್ದು. ಮೂವತ್ತು ವರ್ಷ ಧೂಳು ಕುಡಿದ ಪೆಟ್ಟಿಗೆಗೆ ಆ ಲೆಕ್ಕ ಎಲ್ಲಿ ನೆನಪಿದ್ದೀತು? ಶ್ರುತಿ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಸೆಂಟು ಎಂಬ ಸಣ್ಣ ಅಳತೆ ಇರುತ್ತದೆ. ಒಂದು ಮನೆಗೂ ಅದರ ಪಕ್ಕದ ಅರ್ಧ ಮನೆಗೂ ನಡುವೆ 100 ಸೆಂಟು. ಐದು ಹತ್ತು ಸೆಂಟು ಆಚೆ ಈಚೆ ಸರಿಸಿ ಮೊಬೈಲನ್ನೇ ಹಾರ್ಮೋನಿಯಮ್ಮಿಗೆ ಹೊಂದಿಸಿಕೊಳ್ಳಿ. ಹಾರ್ಮೋನಿಯಂ ಅಂತೂ ಬಗ್ಗೋಲ್ಲ, ಮೊಬೈಲಾದರೂ ಬಗ್ಗಲಿ.

ಯಾರಿಗೆ ಯಾವುದು?

ಬರೀ ಶ್ರುತಿ ಬೇಕು ಎನ್ನುವವರಿಗೆ ಬಿಟ್ಟಿ ತಂಬೂರಿ ಆ್ಯಪ್‌ಗಳು ಬೇಕಾದಷ್ಟಿವೆ. ಅದಕ್ಕೆ ದುಡ್ಡು ಹಾಕಬೇಕಿಲ್ಲ. ತಂಬೂರಿ ಜೊತೆಗೆ ತಬಲಾ ಠೇಕಾನೂ ಬೇಕು ಎನ್ನುವವರಲ್ಲಿ ಐತಬಲಾಪ್ರೋ ಹೆಸರುವಾಸಿ. ಆದರೆ ಅದು ಆ್ಯಪಲ್ ಫೋನು, ಐಪ್ಯಾಡುಗಳಿಗೆ ಮಾತ್ರ. ಐಶಾಲಾ ಎಂಬುದು ಆಂಡ್ರಾಯ್ಡಿಗೂ ಉಂಟು. ಇವುಗಳ ಮನಸ್ಸು ಹಿಂದೂಸ್ತಾನಿ ಕಡೆಗೆ ವಾಲಿದ್ದು. ತೀನ್‌ತಾಲ, ಕೆಹರವಾ, ದಾದ್ರಾ ಸಲೀಸಾಗಿ ಸಿಗುತ್ತವೆ. ಕೆಹರವಾದ ಎಂಟು ಮಾತ್ರೆ, ದಾದ್ರಾದ ಆರು ಮಾತ್ರೆ ನಮ್ಮ ಭಜನೆಗೆ ಧಾರಾಳ ಸಾಕು.

ಹಾಡು ಕಲಿಯುವ ಮಕ್ಕಳಿಗೆ ರಿಯಾಜ್ ಎಂಬ ಆ್ಯಪ್ ಇದೆ. ಹಾಡಿದರೆ ಕೇಳಿಸಿಕೊಂಡು, ಸ್ವರ ಎಲ್ಲಿ ನಿಂತಿತು, ಎಲ್ಲಿ ಜಾರಿತು ಎಂದು ಗೆರೆ ಎಳೆದು ತೋರಿಸುತ್ತದೆ. ಮೇಷ್ಟ್ರು ವಾರಕ್ಕೊಮ್ಮೆ ಬರುವ ಊರಿನಲ್ಲಿ ಉಳಿದ ಆರು ದಿನಕ್ಕೆ ಇದು ಪರವಾಗಿಲ್ಲ. ಆದರೆ ಭಾವ ಎಲ್ಲಿ ಜಾರಿತು ಅಂತ ಅದು ಗೆರೆ ಎಳೆಯೋಲ್ಲ. ಅದಕ್ಕೆ ಮೇಷ್ಟ್ರೇ ಬೇಕು.

ಹಾಡನ್ನೇ ಕಟ್ಟಬೇಕು, ರಾಗ ಹಾಕಬೇಕು, ಮೇಲೆ ಕೊಳಲು ಕೂರಿಸಬೇಕು ಅನ್ನುವ ಹುಡುಗರಿಗೆ ಬೇರೆ ಸರಕುಂಟು. ಆ್ಯಪಲ್ ಕಂಪನಿಯ ಗ್ಯಾರೇಜ್‌ಬ್ಯಾಂಡ್ 2011ರಲ್ಲಿ ಐಪ್ಯಾಡಿಗೆ ಬಂತು, ಅದೇ ವರ್ಷ ಐಫೋನಿಗೂ ಬಂತು, 2017ರಿಂದ ಪೂರ್ತಿ ಬಿಟ್ಟಿ. ಆದರೆ ಐಪ್ಯಾಡು ಬಿಟ್ಟಿ ಅಲ್ಲವಲ್ಲ! ನಮ್ಮ ಕಡೆ ಟ್ಯಾಬ್ಲೆಟ್ಟು ಎಂದರೆ ಇನ್ನೂ ಜ್ವರದ ಗುಳಿಗೆ ಎಂದುಕೊಳ್ಳುವ ಅಜ್ಜಿಯರಿದ್ದಾರೆ. ಸಾಧಾರಣ ಆಂಡ್ರಾಯ್ಡ್ ಫೋನು ಇರುವವರಿಗೆ ಸಿಂಗಪೂರದ ಬ್ಯಾಂಡ್‌ಲ್ಯಾಬ್ ವಾಸಿ. ಬಿಟ್ಟಿಯಾಗಿ ಸಿಗುತ್ತದೆ, ಒಂದರ ಮೇಲೊಂದು ಧ್ವನಿ ಮುದ್ರಿಸಬಹುದು. ಚಿಂತಾಮಣಿಯಲ್ಲಿ ಕೂತವನು ಹಾಡಿ ಕಳಿಸಿದರೆ ಗೌರಿಬಿದನೂರಿನಲ್ಲಿ ಕೂತವನು ಅದೇ ಹಾಡಿಗೆ ಕೀಬೋರ್ಡು ಸೇರಿಸಬಹುದು. ಬಸ್ ಚಾರ್ಜು ಉಳಿತಾಯ. ದುಡ್ಡು ಕೊಡುವ ಶಕ್ತಿ ಇದ್ದವರು ಎಫ್‌ಎಲ್ ಸ್ಟುಡಿಯೋ ಮೊಬೈಲ್ ಕೊಳ್ಳುತ್ತಾರೆ. ಮೊದಲ ಸಲ ಬೆರಳಿಡುವ ಮಕ್ಕಳಿಗೆ ವಾಕ್ ಬ್ಯಾಂಡ್ ಸಾಕು. ಪಿಯಾನೋ, ಗಿಟಾರು, ಡ್ರಮ್ಮು ಎಲ್ಲ ಒಂದೇ ಕಡೆ ಇದೆ, ನಡುನಡುವೆ ಜಾಹೀರಾತಿನ ಕಾಟ ಸಹಿಸಬೇಕು.

ಒಂದು ಎಚ್ಚರಿಕೆ. ಗೌರಿಬಿದನೂರು ಹತ್ತಿರದ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂದು ಜೀವಮಾನವಿಡೀ ಹೇಳಿದವರು. ಆ ಬುದ್ಧಿ ಇಲ್ಲೂ ಇರಲಿ. ತಂಬೂರಿ ಮೀಟುವ ಆ್ಯಪ್‌ಗೆ ಮೈಕು ಬೇಕೇ? ನಿಮ್ಮ ನೆಂಟರಿಷ್ಟರ ಫೋನ್ ನಂಬರುಗಳೆಲ್ಲ ಯಾಕೆ ಬೇಕು? ಕೇಳಿದರೆ ಕೊಡಬೇಡಿ. ಮೊದಲ ವಾರ ಬಿಟ್ಟಿ ಎಂದು ಹೇಳಿ ಎಂಟನೇ ದಿನ ಬ್ಯಾಂಕಿನಿಂದ ತಾನೇ ದುಡ್ಡು ಕತ್ತರಿಸುವ ಆ್ಯಪ್‌ಗಳೂ ಇವೆ. ಒತ್ತುವ ಮುನ್ನ ಓದಿ.

ತಾಳ ಎಲ್ಲಿ ತಪ್ಪುತ್ತೆ?

ಗ್ಯಾರೇಜ್‌ಬ್ಯಾಂಡಿನ ಫೋನು, ಐಪ್ಯಾಡ್ ರೂಪದಲ್ಲಿ ತಾಳಕ್ಕೆ ಇರುವ ಖಾನೆ ಮೂರೇ ಮೂರು: ನಾಲ್ಕರ ನಡೆ, ಮೂರರ ನಡೆ, ಆರರ ನಡೆ. ಆದಿತಾಳದ ಎಂಟು ಅಕ್ಷರ ನಾಲ್ಕರಲ್ಲಿ ಎರಡು ಸಲಕ್ಕೆ ಕೂರುತ್ತದೆ. ರೂಪಕ ಮೂರರಲ್ಲಿ ಕೂರುತ್ತದೆ. ಆದರೆ ಮಿಶ್ರಛಾಪಿನ ಏಳು, ಖಂಡಛಾಪಿನ ಐದು ಎಲ್ಲಿ ಕೂರಬೇಕು? ಒಂದೇ ಉಪಾಯ. ಅದರ ಟಿಕ್ ಟಿಕ್ ನಿಲ್ಲಿಸಿ, ನಿಮ್ಮ ಕೈತಾಳ ನಂಬಿ ಹಾಡಿ ಮುದ್ರಿಸಿ. ಯಂತ್ರಕ್ಕೆ ಏಳು ಎಣಿಸಲು ಬಾರದಿದ್ದರೆ ನಾವು ಮಿಶ್ರಛಾಪು ಬಿಡಬೇಕೆಂದು ಯಾವ ಕಾನೂನೂ ಇಲ್ಲ. ಆದರೆ ಹುಡುಗರು ಬಿಡುತ್ತಾರೆ, ಅದೇ ಭಯ. ಪೆಟ್ಟಿಗೆಯಲ್ಲಿ ನಾಲ್ಕು ಸುಲಭವಾಗಿ ಸಿಗುತ್ತದೆ ಅಂತ ಕಟ್ಟಿದ ಹಾಡೆಲ್ಲ ನಾಲ್ಕರಲ್ಲೇ ಆದರೆ ನಮ್ಮ ಪದಗಳ ನಡಿಗೆ ಒಂದೊಂದಾಗಿ ಸತ್ತುಹೋಗುತ್ತದೆ.

ಎರಡನೆಯ ತೊಂದರೆ ತಡ. ಬೆರಳು ಒತ್ತಿದ್ದಕ್ಕೂ ಶಬ್ದ ಬಂದದ್ದಕ್ಕೂ ನಡುವೆ ಚೂರು ಹೊತ್ತು ಹಿಡಿಯುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಒಂದು ಸೆಕೆಂಡಿನ ನೂರನೇ ಒಂದು ಪಾಲು ತಡವಾದರೆ ಮೃದಂಗದವನು ಹನ್ನೊಂದು ಅಡಿ ದೂರ ಕೂತ ಹಾಗೆ, ಅದು ಪರವಾಗಿಲ್ಲ. ಆದರೆ ತಂತಿ ಇಲ್ಲದ ಬ್ಲೂಟೂತ್ ಇಯರ್‌ಫೋನು ಹಾಕಿಕೊಂಡರೆ ಸೆಕೆಂಡಿನ ಐದನೇ ಒಂದು ಪಾಲಿನಷ್ಟು ತಡವಾಗುವುದುಂಟು. ಆಗ ಮೃದಂಗದವನು 220 ಅಡಿ ಆಚೆ, ತೇರುಬೀದಿಯ ಇನ್ನೊಂದು ತುದಿಯಲ್ಲಿ ಕೂತ ಹಾಗೆ! ತಾಳ ಕೂರುವುದು ಹೇಗೆ? ಹಾಡು ಮುದ್ರಿಸುವಾಗ ತಂತಿ ಇರುವ ಹಳೇ ಇಯರ್‌ಫೋನೇ ಗತಿ. ಜೊತೆಗೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಚರಣದ ನಡುವೆ ಸಾಲದ ಕಂಪನಿಯವನ ಕಾಲ್ ಬರುತ್ತದೆ.

ಮೂರನೆಯದು ಆನ್‌ಲೈನ್ ಪಾಠದ ಗೋಳು. 2020ರ ಕೊರೊನಾ ಕಾಲದಿಂದ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಪಾಠ ಹೇಳಿಸಿಕೊಳ್ಳುವುದು ರೂಢಿಗೆ ಬಂತು. ಅಲ್ಲಿ ತಂಬೂರಿ ಹಾಕಿದರೆ ಗುರುಗಳಿಗೆ ಕೇಳಿಸೋದೇ ಇಲ್ಲ. ಕಾರಣ, ಈ ಸಂಭಾಷಣೆ ಆ್ಯಪ್‌ಗಳು ಒಂದೇ ಸಮನೆ ಮೊಳಗುವ ನಾದವನ್ನು ಫ್ಯಾನಿನ ಗದ್ದಲ ಎಂದು ತಿಳಿದು ಅಳಿಸಿಹಾಕುತ್ತವೆ. ಜೂಮ್‌ನಲ್ಲಿ ಒರಿಜಿನಲ್ ಸೌಂಡ್ ಎಂಬ ಆಯ್ಕೆ ಇದೆ, ಅದನ್ನು ಒತ್ತಿದರೆ ತಂಬೂರಿ ತಂಬೂರಿಯಾಗಿಯೇ ಉಳಿಯುತ್ತದೆ. ನಮ್ಮ ಆಧಾರ ಶ್ರುತಿ ಯಂತ್ರಕ್ಕೆ ಗದ್ದಲವಾಗಿ ಕಂಡಿತಲ್ಲ, ಇದರಲ್ಲೇ ಒಂದು ಪಾಠ ಉಂಟು. ಯಂತ್ರಕ್ಕೆ ಕಿವಿ ಕೊಟ್ಟವರು ಯಾರೋ, ಅವರ ಊರಿನ ಸಂಗೀತವೇ ಅದಕ್ಕೆ ಸಂಗೀತ. ಮಿಕ್ಕಿದ್ದು ಸದ್ದು.

ತಮಟೆಗೆ ಖಾನೆ ಇಲ್ಲ

ಈಗ ಅಸಲು ವಿಚಾರಕ್ಕೆ ಬರೋಣ. ಗ್ಯಾರೇಜ್‌ಬ್ಯಾಂಡಿಗೆ 2016ರಲ್ಲಿ ಚೀನಾದ ಪಿಪಾ, ಅರ್ಹು ಎಂಬ ತಂತಿವಾದ್ಯಗಳು ಸೇರಿದವು. 2017ರಲ್ಲಿ ಜಪಾನಿನ ಕೋಟೋ, ತೈಕೋ ಡ್ರಮ್ಮುಗಳು ಸೇರಿದವು. ತೈಕೋ ಎಂದರೆ ಅವರ ಜಾತ್ರೆಯ ಡೋಲು. ಬಹಳ ಸಂತೋಷ. ನಮ್ಮ ಜಾತ್ರೆಯ ತಮಟೆ ಎಲ್ಲಿ? ಆ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬಂದದ್ದು ತಮಟೆಗೆ. ದೆಹಲಿಗೆ ಕೇಳಿಸಿದ ಶಬ್ದ ಫೋನಿನೊಳಕ್ಕೆ ಮಾತ್ರ ಇನ್ನೂ ಹೋಗಿಲ್ಲ. ಈ ತಮಟೆಗೆ ದೊಡ್ಡ ಕಥೆ ಇದೆ. ಜಾತ್ರೆಗೂ ಅದೇ, ಮೆರವಣಿಗೆಗೂ ಅದೇ, ಸಾವಿಗೂ ಅದೇ. ಒಂದು ಕಾಲಕ್ಕೆ ಕೇರಿಯವರು ಬಿಟ್ಟಿಯಾಗಿ ಬಾರಿಸಲೇಬೇಕಿತ್ತು, ಬಾರಿಸಿದ ಮೇಲೆ ದೂರ ನಿಲ್ಲಬೇಕಿತ್ತು. ಆ ಅವಮಾನ ಸಾಕೆಂದು ತಮಟೆ ಕೆಳಗಿಟ್ಟವರುಂಟು. ಹೋರಾಟದ ಹಾಡಿಗೆ ಅದನ್ನೇ ಎದೆಗೇರಿಸಿಕೊಂಡವರೂ ಉಂಟು. ಇವತ್ತು ಅದು ಕಲೆ ಎಂದು ಸರ್ಕಾರವೇ ಒಪ್ಪಿದೆ. ಆದರೆ ಮದುವೆ ಮೆರವಣಿಗೆಗೆ ಡಿಜೆ ಬಂತು, ಆರ್ಕೆಸ್ಟ್ರಾಕ್ಕೆ ರಿದಂ ಪ್ಯಾಡು ಬಂತು. ನಾಲ್ಕು ಜನ ತಮಟೆಯವರಿಗೆ ಕೊಡುವ ದುಡ್ಡು ಒಂದು ಪೆನ್‌ಡ್ರೈವಿಗೆ ಹೋಗುತ್ತಿದೆ.

ಆ್ಯಪ್‌ಗಳಲ್ಲೇ ಇದಕ್ಕೆ ಒಂದು ದಾರಿ ಇದೆ. ಸ್ಯಾಂಪ್ಲರ್ ಎಂಬ ಜಾತಿಯ ಆ್ಯಪ್‌ಗಳಿವೆ. ಕೋಲಾ ಎಂಬುದು ಇವುಗಳಲ್ಲಿ ಹೆಸರಾದದ್ದು, ಆಂಡ್ರಾಯ್ಡಿಗೂ ಉಂಟು, ಆ್ಯಪಲ್ಲಿಗೂ ಉಂಟು. ಪರದೆಯ ಮೇಲಿನ ಚೌಕವನ್ನು ಒತ್ತಿ ಹಿಡಿದು ಮೈಕಿಗೆ ಶಬ್ದ ಕೊಟ್ಟರೆ, ಆ ಶಬ್ದ ಆ ಚೌಕದಲ್ಲಿ ಕೂರುತ್ತದೆ. ಮತ್ತೆ ಒತ್ತಿದಾಗಲೆಲ್ಲ ನುಡಿಯುತ್ತದೆ. ಅಂದರೆ, ಕಂಪನಿಯವನು ತಮಟೆ ಕೊಡದಿದ್ದರೆ ನಮ್ಮ ತಮಟೆಯನ್ನು ನಾವೇ ತುಂಬಬಹುದು.

ತುಂಬುವುದಕ್ಕೂ ಕ್ರಮ ಉಂಟು. ತಮಟೆಯ ಚರ್ಮವನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುತ್ತಾರೆ. ಮಳೆಗಾಲದಲ್ಲಿ ಕಾಯಿಸದೆ ಬಾರಿಸಿದರೆ ಬೊದಬೊದ ಎನ್ನುತ್ತದೆ. ಆದ್ದರಿಂದ ಕಾಯಿಸಿದ ಕೂಡಲೇ ಮುದ್ರಿಸಿ. ಫೋನನ್ನು ತಮಟೆಯ ಬಾಯಿಗೆ ಹಿಡಿದರೆ ಅದರ ಸಣ್ಣ ಮೈಕು ತಡೆಯೋಲ್ಲ, ಶಬ್ದ ಒಡೆಯುತ್ತದೆ. ಎಂಟು ಹತ್ತು ಅಡಿ ದೂರ, ಸ್ವಲ್ಪ ಪಕ್ಕಕ್ಕೆ ಇಡಿ. ಕಾಂಕ್ರೀಟು ಕೋಣೆ ಬೇಡ, ಬಯಲೇ ಒಳ್ಳೆಯದು. ದಪ್ಪ ಕೋಲಿನ ಏಟು ಬೇರೆ ಚೌಕಕ್ಕೆ, ತೆಳು ಕಡ್ಡಿಯ ಏಟು ಬೇರೆ ಚೌಕಕ್ಕೆ. ಮೆಲ್ಲನೆಯದು, ಜೋರಿನದು, ಅಂಚಿನದು, ನಡುವಿನದು ಎಲ್ಲ ಬಿಡಿಬಿಡಿಯಾಗಿ. ಆಮೇಲೆ ಇಡೀ ವರಸೆಯನ್ನೂ ಒಂದು ಸಲ ಮುದ್ರಿಸಿ. ಬಿಡಿ ಏಟು ಕೂಡಿಸಿದರೆ ವರಸೆ ಆಗೋಲ್ಲ ಎಂಬುದು ಅದನ್ನು ಕೇಳಿದಾಗ ಹುಡುಗರಿಗೆ ತಾನಾಗಿ ಗೊತ್ತಾಗುತ್ತದೆ.

ಕೂಲಿ ಕೊಟ್ಟು, ಹೆಸರು ಬರೆದು

ಆದರೆ ಸ್ವಾಮಿ, ಒಂದು ಷರತ್ತು. "ಅಣ್ಣಾ, ಸುಮ್ನೆ ಒಂದೆರಡು ಏಟು ಬಾರ್ಸು, ರೆಕಾರ್ಡ್ ಮಾಡ್ಕೊಂತೀನಿ" ಎಂದು ಹೇಳಿ, ಒಂದು ಟೀ ಕುಡಿಸಿ, ಆ ಶಬ್ದವನ್ನು ಜೀವನಪೂರ್ತಿ ಹಾಡುಗಳಿಗೆ ಬಳಸಿಕೊಳ್ಳುವುದು ಹಳೆಯ ಬಿಟ್ಟಿ ಚಾಕರಿಯ ಹೊಸ ವೇಷವೇ ಸರಿ. ಕಾನೂನೂ ಅದನ್ನು ಒಪ್ಪುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಂದ ತಿದ್ದುಪಡಿಯಲ್ಲಿ ಹಾಡುವವರಿಗೆ, ನುಡಿಸುವವರಿಗೆ ಪ್ರದರ್ಶಕರ ಹಕ್ಕು ಎಂಬುದು ಬಂತು. ಅದು 50 ವರ್ಷ ಇರುತ್ತದೆ. ಸ್ವಂತಕ್ಕೆ ಕೇಳಲು, ಪಾಠ ಹೇಳಲು ಬಿಟ್ಟರೆ, ಕಲಾವಿದನ ಒಪ್ಪಿಗೆ ಇಲ್ಲದೆ ಅವನ ನುಡಿಸಾಣಿಕೆಯನ್ನು ಮುದ್ರಿಸಿಕೊಂಡು ವ್ಯಾಪಾರ ಮಾಡುವಂತಿಲ್ಲ. 2012ರ ತಿದ್ದುಪಡಿಯಲ್ಲಿ, ನುಡಿಸಿದವನು ನಾನು ಎಂದು ಹೆಸರು ಕೇಳುವ ಹಕ್ಕೂ ಸೇರಿತು. ಕಾಯಿದೆ ದೊಡ್ಡ ಗಾಯಕರಿಗೆ ಮಾತ್ರ ಎಂದೇನೂ ಬರೆದಿಲ್ಲ. ತಮಟೆಯವನಿಗೂ ಅದೇ, ತಂಬೂರಿ ಹಿಡಿದು ತಾತಯ್ಯನವರ ಪದ ಹಾಡುವ ಅಜ್ಜನಿಗೂ ಅದೇ.

ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಒಂದು ಬಿಳಿ ಹಾಳೆ. ನುಡಿಸಿದವರ ಹೆಸರು, ಊರು, ತಾರೀಖು, ಕೊಟ್ಟ ದುಡ್ಡು, ಯಾತಕ್ಕೆ ಬಳಸುತ್ತೀವಿ ಎಂಬ ಒಂದು ಸಾಲು. ಓದಿ ಹೇಳಿ, ಇಬ್ಬರ ರುಜು. ಹಾಡು ಹೊರಗೆ ಬಿಡುವಾಗ ಕೆಳಗೆ ಅವರ ಹೆಸರು. ಕಾಲೇಜು ಹುಡುಗರು ಇಷ್ಟು ಮಾಡಿದರೂ ಸಾಕು.

ಇನ್ನು ಸರ್ಕಾರದ ಪಾಲು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ನಾವೂ ಒಂದು ಜಿಲ್ಲೆಯಾದೆವು. ಉತ್ಸವ, ಶಾಮಿಯಾನ, ಹಾರ ತುರಾಯಿಗೆ ಕೊರತೆ ಇಲ್ಲ. ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರೂ ಬೆಂಗಳೂರಿನ ಜಾನಪದ ಅಕಾಡೆಮಿಯವರೂ ಕೈಗೂಡಿಸಿ, ತಾಲ್ಲೂಕಿಗೆ ಎರಡು ದಿನದಂತೆ ಕೂತರೆ ತಮಟೆಯ ವರಸೆಗಳು, ತತ್ವಪದದ ಮಟ್ಟುಗಳು, ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳ ರಂಗಗೀತೆ ಮಟ್ಟುಗಳು ಒಳ್ಳೆ ಮೈಕಿನಲ್ಲಿ ಮುದ್ರಣವಾಗುತ್ತವೆ. ಕಲಾವಿದರಿಗೆ ಸಂಭಾವನೆ ಕೊಡಲಿ. ಶಬ್ದದ ಕಡತಗಳನ್ನು ಹೆಸರು ಸಮೇತ, ಷರತ್ತು ಸಮೇತ ನಮ್ಮ ಮಕ್ಕಳ ಫೋನಿಗೆ ಸಿಗುವ ಹಾಗೆ ಇಡಲಿ. ಒಂದು ಉತ್ಸವದ ವೇದಿಕೆ ಖರ್ಚಿನಲ್ಲಿ ಆಗಬಹುದಾದ ಕೆಲಸ ಇದು. ಶಾಸಕರುಗಳು, ಅಧಿಕಾರಿಗಳು ಈ ಕಡೆಗೂ ಸ್ವಲ್ಪ ಕಿವಿ ಕೊಡಬೇಕು.

ಯಾಕೆ ಅವಸರ ಅಂತೀರಾ? ವರಸೆ ಬಲ್ಲವರ ವಯಸ್ಸು ನೋಡಿ. ಹಾರ್ಮೋನಿಯಂ ನಮ್ಮದಾಗಲು ನೂರು ವರ್ಷ ಸಿಕ್ಕಿತು, ಆಗ ಹಾಡುವವರಿದ್ದರು, ಕೇಳುವವರೂ ಇದ್ದರು. ಮೊಬೈಲು ಅಷ್ಟು ಹೊತ್ತು ಕಾಯೋಲ್ಲ. ನಾವು ತುಂಬದೆ ಬಿಟ್ಟ ಚೌಕದಲ್ಲಿ ಬೇರೆ ಊರಿನ ಡೋಲು ಆಗಲೇ ಬಂದು ಕೂತಾಗಿದೆ. ಮುಂದಿನ ಜಾತ್ರೆಗೆ ತಮಟೆಯವರು ಬರುತ್ತಾರಲ್ಲ, ಅವರು ಚರ್ಮ ಕಾಯಿಸುವಷ್ಟರಲ್ಲಿ ಫೋನು ಚಾರ್ಜು ಮಾಡಿ ಇಟ್ಟುಕೊಳ್ಳಿ. ಜೇಬಿನಲ್ಲಿ ಅವರಿಗೆ ಕೊಡುವ ದುಡ್ಡೂ ಇರಲಿ.